ಶನಿವಾರದ ಭಜನೆ

ಹಸಿ ಬಿದಿರು ಸೀಳಿದ ವಾಸನೆ ಮೂಗಿಗೆ ತಾಗಿದ್ದೇ ಶಕುಂತಲಮ್ಮ ವಠಾರದ ಬಾಗಿಲಲ್ಲೇ ನಿಂತುಬಿಟ್ಟಳು. ಒಂದು ಕಾಲು ಮೋರಿಯ ಚಪ್ಪಡಿ ಕಲ್ಲಿನ ಮೇಲೆ, ಇನ್ನೊಂದು ಹೊಸ್ತಿಲಿನಾಚೆ. ಚಿಕ್ಕವಳಿದ್ದಾಗ ಅವಳಿಗೆ ಇದು ಹಬ್ಬದ ವಾಸನೆ. ಅಪ್ಪನದು ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ. ವರ್ಷಕ್ಕೊಮ್ಮೆ ಮೇದರವರು ಬಂದು ಅಂಗಡಿಯ ಮುಂದೆಯೇ ಕೂತು ಹೊಸ ಕುಕ್ಕೆಗಳನ್ನು ಹೆಣೆದು ಕೊಡುತ್ತಿದ್ದರು. ಅವಳು ಸೀಳುಗಳ ರಾಶಿಯ ಪಕ್ಕ ಕೂತು ಒಂದೊಂದನ್ನೇ ಮೂಗಿಗೆ ಹಿಡಿದು ಮೂಸುತ್ತಿದ್ದಳು. ಕಬ್ಬಿನ ವಾಸನೆಗೆ ಹತ್ತಿರ, ಆದರೆ ಸಿಹಿ ಇಲ್ಲದ್ದು. ಇವತ್ತು ಅದೇ ವಾಸನೆ ವಠಾರದ ನಲ್ಲಿಯ ಪಕ್ಕದಿಂದ ಬರುತ್ತಿತ್ತು. ಅಲ್ಲಿ ಇಬ್ಬರು ಗಂಡಸರು ಕುಕ್ಕರುಗಾಲಿನಲ್ಲಿ ಕೂತು ಚಟ್ಟ ಕಟ್ಟುತ್ತಿದ್ದರು.

"ಹೋಗು ಒಳಗೆ. ಮುಖ ನೋಡಿ ಬಂದ್ಬಿಡು," ಎಂದ ಹಿಂದೆ ನಿಂತಿದ್ದ ಗಂಡ ಮರಿಯಣ್ಣ.

"ನೀವು?"

"ನಾನು ಅಲ್ಲಿರ್ತೀನಿ." ರಸ್ತೆಯಾಚೆಯ ಹೊಂಗೆಮರವನ್ನು ಗದ್ದದಿಂದ ತೋರಿಸಿದ. ಕಚೇರಿಯವರೆಲ್ಲ ಆ ನೆರಳಲ್ಲೇ ಗುಂಪಾಗಿ ನಿಂತಿದ್ದರು. ಯಾರೂ ರಸ್ತೆ ದಾಟಿರಲಿಲ್ಲ.

"ಹೆಗಲು ಕೊಡಕ್ಕೆ ಕರೆದ್ರೆ?"

"ಕರೆದ್ರೂ ಕೊಡಲ್ಲ. ಮಣ್ಣಿಗೆ ಬಂದಿದೀನಿ, ಅಷ್ಟು ಸಾಕು."

ಸತ್ತವನು ಆಂಜಿನಯ್ಯ. ಮರಿಯಣ್ಣನ ಕಚೇರಿಯಲ್ಲೇ ಗುಮಾಸ್ತ. ನಿನ್ನೆ ಬೆಳಿಗ್ಗೆ ಕಿಟಕಿಗೆ ಕನ್ನಡಿ ಸಿಕ್ಕಿಸಿಕೊಂಡು ಗಡ್ಡ ಕೆರೆಯುತ್ತಿದ್ದವನು ಹಾಗೇ ಗೋಡೆಗೆ ಒರಗಿದನಂತೆ. ನಿವೃತ್ತಿಗೆ ಇನ್ನೂ ಕೆಲವು ವರ್ಷ ಇತ್ತು. ಮರಿಯಣ್ಣನೂ ಅವನೂ ಒಂದು ಕಾಲದಲ್ಲಿ ಒಂದೇ ಮೇಜಿನ ಎರಡು ಕಡೆ ಕೂತು, ಒಂದೇ ಲೋಟದ ಕಾಫಿಯನ್ನು ಎರಡು ಮಾಡಿಕೊಂಡು ಕುಡಿದವರು. ಆದರೆ ತುರ್ತು ಪರಿಸ್ಥಿತಿಯ ಕಾಲದಲ್ಲಿ ಮರಿಯಣ್ಣನನ್ನು ಪೊಲೀಸರಿಗೆ ಹಿಡಿದುಕೊಟ್ಟವನು ಈ ಆಂಜಿನಯ್ಯನೇ ಎಂದು ಕಚೇರಿಯಲ್ಲಿ ಎಲ್ಲರೂ ನಂಬಿದ್ದರು. ಕಣ್ಣಾರೆ ಕಂಡವರು ಯಾರೂ ಇಲ್ಲ. ಕಂಡವರಿಲ್ಲದ ಕಾರಣಕ್ಕೇ ಅದು ಇನ್ನಷ್ಟು ಗಟ್ಟಿಯಾಗಿತ್ತು.

ಸತ್ತವನ ತಮ್ಮ ಅರ್ಜುನಪ್ಪ ಒದ್ದೆ ಪಂಚೆಯಲ್ಲೇ ರಸ್ತೆ ದಾಟಿ ಹೊಂಗೆಮರದ ಕಡೆ ಹೋಗುವುದನ್ನು ಶಕುಂತಲಮ್ಮ ನೋಡಿದಳು. ಮಾತು ಅವಳಿಗೂ ಕೇಳಿಸಿತು.

"ಸ್ವಾಮಿ, ಅಣ್ಣಂಗೆ ಮಕ್ಕಳಿಲ್ಲ. ನಾನು ಮುಂದೆ ಬೆಂಕಿ ಮಡಕೆ ಹಿಡೀಬೇಕು. ನನ್ನ ಭಾವಮೈದ ಒಬ್ಬ, ಪಕ್ಕದ ಮನೆ ಮಾರಕ್ಕನ ಅಳಿಯ ಒಬ್ಬ. ಇನ್ನಿಬ್ಬರು ಬೇಕು."

ರಾಮಾನುಜ ಎಂಬ ಗುಮಾಸ್ತ ಕನ್ನಡಕ ತೆಗೆದು ಒರೆಸತೊಡಗಿದ. ಜವಾನ ಶೀನಣ್ಣ ಮರದ ತೊಗಟೆಯನ್ನು ಉಗುರಿನಿಂದ ಕೆತ್ತುತ್ತಿದ್ದ.

"ತಮಟೆಯವರ ಜೊತೆ ಕೂಲಿಯವರು ಬಂದಿದಾರೆ," ಎಂದ ಅರ್ಜುನಪ್ಪ. "ಕರೆದ್ರೆ ಬರ್ತಾರೆ. ಆದ್ರೆ ಇಷ್ಟು ವರ್ಷ ನಿಮ್ಮ ಜೊತೆ ಕೂತೋನು. ಕೂಲಿ ಹೆಗಲ ಮೇಲೆ ಹೋದ ಅಂದ್ರೆ ನಮ್ಮ ಅತ್ತಿಗೆ ಬದುಕಿರೋವರ್ಗೂ ಅದನ್ನೇ ಅಂದ್ಕೋತಾರೆ."

"ನನಗೆ ಬೆನ್ನು ನೋವು ಕಣಪ್ಪ," ಎಂದ ರಾಮಾನುಜ.

ಅರ್ಜುನಪ್ಪ ಮರಿಯಣ್ಣನ ಕಡೆ ನೋಡಲಿಲ್ಲ. ಅವನಿಗೂ ಗೊತ್ತಿತ್ತು.

*

ಎಪ್ಪತ್ತನಾಲ್ಕರ ಆಷಾಢದಲ್ಲಿ ಸರ್ಕಾರದ ಆಜ್ಞೆ ಬಂದಿತ್ತು. ದೇಶದಲ್ಲಿ ಬೆಲೆ ಏರುತ್ತಿದೆ, ಜನರ ಕೈಯಲ್ಲಿ ದುಡ್ಡು ಓಡಾಡಬಾರದು. ಆದ್ದರಿಂದ ನೌಕರರಿಗೆ ಸಂಬಳ ಏರಿದರೂ ಏರಿದ್ದು ಕೈಗೆ ಬರುವುದಿಲ್ಲ, ತುಟ್ಟಿಭತ್ಯೆ ಏರಿದರೆ ಅದರಲ್ಲಿ ಅರ್ಧ ಸರ್ಕಾರದ ಠೇವಣಿಗೆ. ಅಕ್ಕಿ, ಎಣ್ಣೆ, ಸೀಮೆಎಣ್ಣೆಗಳು ಈ ಆಜ್ಞೆಯನ್ನು ಓದಿಕೊಂಡಿರಲಿಲ್ಲ. ಅವು ತಮ್ಮ ಪಾಡಿಗೆ ಏರುತ್ತಲೇ ಹೋದವು.

ರೇಡಿಯೋದಲ್ಲಿ ಡಿ.ಎ. ಏರಿತು ಎಂದು ಹೇಳುತ್ತಿದ್ದರು. ಗಂಡಂದಿರು ತಂದ ಕವರಿನಲ್ಲಿ ಹೋದ ತಿಂಗಳಿನಷ್ಟೇ ಇರುತ್ತಿತ್ತು. ಮನೆಮನೆಯಲ್ಲೂ ಹೆಂಗಸರಿಗೆ ಅನುಮಾನ ಹತ್ತಿತು. ಶಕುಂತಲಮ್ಮನೂ ಒಂದೆರಡು ಸಲ ಗಂಡ ಸ್ನಾನಕ್ಕೆ ಹೋದಾಗ ಅಂಗಿಯ ಜೇಬು ತಡಕಿದ್ದುಂಟು. ಗಂಡಸರಿಗೆ ಲೆಕ್ಕದ ವಿಭಾಗದವರ ಮೇಲೆ ಅನುಮಾನ, ಲೆಕ್ಕದವರಿಗೆ ಮೇಲಿನವರ ಮೇಲೆ. ಯಾರಿಗೋ ಮಾತ್ರ ಗುಟ್ಟಾಗಿ ಕೊಡುತ್ತಿದ್ದಾರೆ ಎಂಬ ಮಾತು ಕಚೇರಿಯ ಕಾರಿಡಾರಿನಲ್ಲಿ ದಿನಾ ಒಂದೊಂದು ಹೆಸರು ಹೊತ್ತುಕೊಂಡು ಓಡಾಡುತ್ತಿತ್ತು.

ಮರಿಯಣ್ಣ ನೌಕರರ ಸಂಘದ ಕಾರ್ಯದರ್ಶಿ. ಮೊದಮೊದಲು ಕಚೇರಿಯ ಮೆಟ್ಟಿಲ ಮೇಲೆ ನಿಂತೇ ಭಾಷಣ ಮಾಡುತ್ತಿದ್ದ. ಮರುವರ್ಷ ತುರ್ತು ಪರಿಸ್ಥಿತಿ ಬಂದು, ನಾಲ್ಕು ಜನ ಸೇರಿ ನಿಂತರೂ ಪೊಲೀಸರು ಯಾಕೆ ಎಂದು ಕೇಳುವಂತಾಯಿತು. ಆಗ ಉಪಾಯ ಹೇಳಿದವನು ಆಂಜಿನಯ್ಯ.

"ಶನಿವಾರ ಸಾಯಂಕಾಲ ನಮ್ಮನೇಲಿ ಭಜನೆ ಇಟ್ಕೊಳೋಣ. ಭಜನೆಗೆ ಯಾರು ಬೇಡ ಅಂತಾರೆ?"

ಹಾಗೆ ಶಂಕರಪುರದ ಈ ವಠಾರದಲ್ಲಿ, ಆಂಜಿನಯ್ಯನ ಮನೆಯ ನಡುಕೋಣೆಯಲ್ಲಿ, ಕಚೇರಿಯ ಏಳೆಂಟು ಜನ ಶನಿವಾರ ಸೇರತೊಡಗಿದರು. ದೇವರ ಪಟಕ್ಕೆ ಹೂವು ಏರಿಸಿ, ಎರಡು ಸಾಲು ಹಾಡಿ, ಆಮೇಲೆ ಅಡುಗೆಮನೆಯ ಕಡೆಯ ಬಾಗಿಲು ಮುಚ್ಚಿಕೊಂಡು ಡಿ.ಎ. ಮಾತಾಡುವುದು. ವಠಾರದಲ್ಲಿ ಚಪ್ಪಲಿ ಸದ್ದಾದರೆ ಮತ್ತೆ ಎರಡು ಸಾಲು. ಎಲ್ಲರಿಗೂ ಪೂರ್ತಿ ಬರುತ್ತಿದ್ದದ್ದು ಒಂದೇ ಹಾಡು, ಅದನ್ನೇ ಹಾಡುತ್ತಿದ್ದರು. ಆಂಜಿನಯ್ಯನಿಗೆ ಶಾರೀರ ಇರಲಿಲ್ಲ, ತಾಳ ಮಾತ್ರ ತಪ್ಪುತ್ತಿರಲಿಲ್ಲ.

"ಹೆಂಡತಿಯರಿಗೂ ಹೇಳಕೂಡದು," ಎಂದು ಕಟ್ಟು ಮಾಡಿದವನು ಮರಿಯಣ್ಣ. "ನಲ್ಲಿ ಹತ್ರ ಮಾತು ಹೊರಟ್ರೆ ನಿಲ್ಲಲ್ಲ." ಶಕುಂತಲಮ್ಮನಿಗೂ ಅವನು ಹೇಳಿರಲಿಲ್ಲ. ಗಂಡನಿಗೆ ಇದ್ದಕ್ಕಿದ್ದಂತೆ ಭಕ್ತಿ ಬಂದದ್ದು ಅವಳಿಗೆ ಆಶ್ಚರ್ಯ. ಆ ಭಕ್ತಿಯ ಮೇಲೂ ಅವಳಿಗೆ ಒಂದಿಷ್ಟು ಅನುಮಾನ.

ಆ ವರ್ಷದ ಚಳಿಗಾಲದ ಒಂದು ಸೋಮವಾರ, ಮಲ್ಲೇಶ್ವರದಲ್ಲಿದ್ದ ಮರಿಯಣ್ಣನ ಮನೆಗೆ ಪೊಲೀಸರು ಬಂದರು. ಒಂದು ದಿನ ಎಲ್ಲರೂ ಲೇಖನಿ ಕೆಳಗಿಟ್ಟು ಕೂರಬೇಕು ಎಂದು ಮರಿಯಣ್ಣ ಶನಿವಾರವಷ್ಟೇ ಹೇಳಿದ್ದ. ಬಂದ ಅಧಿಕಾರಿ ಅದನ್ನು ಅವನದೇ ಮಾತಿನಲ್ಲಿ, ಅವನು ನಕ್ಕ ಜಾಗದಲ್ಲಿ ನಕ್ಕು, ಅವನಿಗೇ ಹೇಳಿ ತೋರಿಸಿದ. ಕೋಣೆಯೊಳಗೆ ಕೂತವರಲ್ಲದೆ ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲದ ಮಾತು.

ಮರಿಯಣ್ಣ ತುರ್ತು ಪರಿಸ್ಥಿತಿ ಮುಗಿಯುವವರೆಗೂ ಜೈಲಿನಲ್ಲಿದ್ದ. ಶಕುಂತಲಮ್ಮ ತಮ್ಮನ ತರಕಾರಿ ಅಂಗಡಿಯಲ್ಲಿ ಕೂತು ತಕ್ಕಡಿ ಹಿಡಿದಳು.

ಕಚೇರಿಯಲ್ಲಿ ರಾಮಾನುಜ ಆಂಜಿನಯ್ಯನನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದ್ದನಂತೆ. ಆಂಜಿನಯ್ಯ, "ನನ್ನ ಮನೇಲಿ ಆದದ್ದು. ನನ್ನದೇ ಅಂತ ಇಟ್ಕೊಳಿ," ಎಂದನಂತೆ. ಅಷ್ಟು ಸಾಲದೆಂಬಂತೆ ಮುಂದಿನ ತಿಂಗಳು ಅವನಿಗೆ ಮೇಲಿನ ಮಹಡಿಗೆ ವರ್ಗವಾಯಿತು. ತಾನೇ ಕೇಳಿಕೊಂಡು ಹೋದದ್ದು, ಖಾಲಿ ಕುರ್ಚಿಯ ಎದುರು ಕೂರಕ್ಕಾಗಲ್ಲ ಅಂದನಂತೆ ಎಂದು ಶೀನಣ್ಣ ಒಬ್ಬನೇ ಹೇಳುತ್ತಿದ್ದ. ಜವಾನನ ಮಾತು ಯಾರು ಕೇಳುತ್ತಾರೆ.

*

ಹೆಣವನ್ನು ನಡುಕೋಣೆಯಲ್ಲೇ ಮಲಗಿಸಿದ್ದರು. ಶಕುಂತಲಮ್ಮ ಬಗ್ಗಿ ಮುಖ ನೋಡಿದಳು. ಒಂದು ಕೆನ್ನೆ ನುಣುಪು, ಇನ್ನೊಂದರಲ್ಲಿ ಬಿಳಿ ಕುರುಚಲು. ಸೋಪಿನ ನೊರೆಯನ್ನು ಒರೆಸಿದ್ದರು, ಉಳಿದದ್ದನ್ನು ಹಾಗೇ ಬಿಟ್ಟಿದ್ದರು. ಮುಖ ನೋಡಿದರೆ ಏನಾದರೂ ತಿಳಿದೀತು ಎಂದುಕೊಂಡು ಬಂದಿದ್ದಳೇನೋ. ಅರ್ಧ ಕೆಲಸದಲ್ಲಿ ಎದ್ದು ಹೋದವನ ಮುಖದಂತಿತ್ತು, ಅಷ್ಟೆ.

ಗೋಡೆಯ ಕಡೆ ಹೆಂಗಸರು ಕೂತಿದ್ದರು. ರಾಮಾನುಜನ ಹೆಂಡತಿ ಲಕ್ಷ್ಮೀದೇವಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು, ಕಣ್ಣನ್ನು ಮೇಲಕ್ಕೆತ್ತಿದಳು.

"ಫ್ಯಾನ್ ನೋಡಿದ್ರಾ?" ಎಂದಳು ಪಿಸುದನಿಯಲ್ಲಿ. "ನಮ್ಮೆಲ್ಲರ ಸಂಬಳ ಏರದೆ ನಿಂತಿದ್ದ ವರ್ಷ ಬಂತಂತೆ ಅದು. ನಿಮ್ಮನೇಗೆ ಬಂತಾ? ನಮ್ಮನೇಗೆ ಬಂತಾ?"

ಶಕುಂತಲಮ್ಮ ತಲೆ ಎತ್ತಿ ನೋಡಿದಳು. ಕಪ್ಪು ಹಿಡಿದ ಹಳೇ ಫ್ಯಾನು.

ಪಕ್ಕದ ಮನೆಯ ಮಾರಕ್ಕ ಮೂಲೆಯಲ್ಲಿ ಬೆರಣಿ ಹೊಗೆಗೆ ಸಾಂಬ್ರಾಣಿ ಹಾಕುತ್ತಿದ್ದಳು. ಮುದುಕಿಯ ಕಿವಿ ಚುರುಕು.

"ಅದು ಮನೆ ಓನರ್‌ದು ಕಣಮ್ಮ. ಬಾಡಿಗೆ ಏರಿಸ್ಬೇಕು ಅಂತ ಹಾಕ್ಸಿದ. ಬಾಡಿಗೆ ಏರ್ತು, ಅದು ಒಂದಿನಾನೂ ತಿರುಗ್ಲಿಲ್ಲ. ಬೇಕಾದ್ರೆ ಸ್ವಿಚ್ ಒತ್ತಿ ನೋಡು."

ಲಕ್ಷ್ಮೀದೇವಮ್ಮ ಸೆರಗು ಸರಿಮಾಡಿಕೊಂಡಳು. ಒತ್ತಿ ನೋಡಲಿಲ್ಲ.

ಹೆಣದ ತಲೆಯ ಹತ್ತಿರ ಕೂತಿದ್ದ ಆಂಜಿನಯ್ಯನ ಹೆಂಡತಿ ಪಾರ್ವತಮ್ಮ ಆಗ ಮುಖ ಎತ್ತಿ ಶಕುಂತಲಮ್ಮನನ್ನು ಕಂಡಳು. ಅತ್ತು ಅತ್ತು ಕಣ್ಣು ಬತ್ತಿಹೋಗಿತ್ತು. ಕೂತಲ್ಲಿಂದಲೇ ಜರುಗಿಕೊಂಡು ಬಂದು ಅವಳ ಮೊಣಕೈ ಹಿಡಿದಳು.

"ಬಂದ್ರಾ ಅಕ್ಕಾ. ನೀವು ಬರಲ್ಲ ಅಂದ್ಕೊಂಡಿದ್ದೆ."

ಶಕುಂತಲಮ್ಮನಿಗೆ, ಗಂಡ ಜೈಲಿನಲ್ಲಿದ್ದಾಗ ಒಂದು ಭಾನುವಾರ ಆಂಜಿನಯ್ಯ ಅವಳ ಮನೆಯ ಗೇಟಿನ ಹತ್ತಿರ ಬಂದು ನಿಂತದ್ದು ನೆನಪಿಗೆ ಬಂತು.

*

ಅವತ್ತು ಅವನು ಗೇಟು ತೆಗೆದು ಎರಡು ಹೆಜ್ಜೆ ಒಳಗೆ ಬಂದು ಅಲ್ಲೇ ನಿಂತಿದ್ದ.

"ಅಮ್ಮಾ, ಏನಾದ್ರೂ ಬೇಕಾಗಿದ್ರೆ ಹೇಳಿ. ರೇಷನ್ ತರೋದಾಗ್ಲಿ, ಜೈಲಿಗೆ ಬಟ್ಟೆ ತಲುಪ್ಸೋದಾಗ್ಲಿ."

"ನಿಮ್ಮ ಉಪಕಾರ ಆಗಿದ್ದು ಸಾಕು," ಎಂದು ಅವಳು ಕಿಟಕಿಯಿಂದಲೇ ಹೇಳಿದ್ದಳು. ಹೇಳಿ ಕಿಟಕಿಯ ಬಾಗಿಲನ್ನು ಎಳೆದುಕೊಂಡಿದ್ದಳು. ಸಂದಿಯಿಂದ ನೋಡುತ್ತಲೂ ಇದ್ದಳು. ಕೋಪ ಮಾಡಿಕೊಳ್ಳುತ್ತಾನೆ, ಇಲ್ಲ ಕಾಲು ಹಿಡಿಯುತ್ತಾನೆ, ಎರಡರಲ್ಲಿ ಒಂದಾದರೆ ತನಗೆ ಗೊತ್ತಾಗಿಬಿಡುತ್ತದೆ ಎಂದು. ಅವನು ತಲೆಯಾಡಿಸಿದ, ಹಿಂದಕ್ಕೆ ತಿರುಗಿದ. ಬೀದಿಯಲ್ಲಿ ಒಂದು ಹಸು ಅವಳ ಬಸಳೆಯ ಬಳ್ಳಿಯ ಕಡೆ ಮೂತಿ ಚಾಚಿ ನಿಂತಿತ್ತು. ಆಂಜಿನಯ್ಯ ಅದನ್ನು ಬೆನ್ನು ತಟ್ಟಿ ಆಚೆ ಕಳಿಸಿ, ಗೇಟನ್ನು ಎಳೆದು, ಸಡಿಲವಾಗಿದ್ದ ಚಿಲಕದ ಜಾಗದಲ್ಲಿ ಕೆಳಗೆ ಬಿದ್ದಿದ್ದ ತಂತಿಯನ್ನು ಬಿಗಿಯಾಗಿ ಸುತ್ತಿ, ಒಂದು ಸಲ ಅಲ್ಲಾಡಿಸಿ ನೋಡಿ ಹೋದ.

ಕಳ್ಳ ಮನಸ್ಸಿನವನು ಇಷ್ಟು ನಿಧಾನವಾಗಿ ಗೇಟು ಕಟ್ಟುತ್ತಾನೆಯೇ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತ್ತು. ಆದರೆ ಅವತ್ತು ಜೈಲಿನಿಂದ ಗಂಡನ ಕಾಗದ ಬಾರದೆ ಬಹಳ ದಿನವಾಗಿತ್ತು. ಅನ್ನಿಸಿದ್ದನ್ನು ಅಲ್ಲೇ ಬಿಟ್ಟಿದ್ದಳು.

*

"ಅಕ್ಕಾ, ಒಂದು ಮಾತು ಕೇಳ್ತೀನಿ. ತಪ್ಪು ತಿಳ್ಕೋಬೇಡಿ." ಪಾರ್ವತಮ್ಮನ ಧ್ವನಿ ಹೆಚ್ಚುಕಡಿಮೆ ಉಸಿರಾಗಿತ್ತು. "ನಿಮ್ಮೆಜಮಾನ್ರನ್ನ ಹಿಡ್ಕೊಟ್ಟಿದ್ದು ಇವರೇನಾ?"

ಶಕುಂತಲಮ್ಮ ಬೆಚ್ಚಿದಳು. "ನನ್ನನ್ನ ಕೇಳ್ತೀರಲ್ಲ."

"ಇನ್ಯಾರನ್ನ ಕೇಳ್ಲಿ? ಕೇಳಿದ್ರೆ ಇವರು ಮಾತೇ ಆಡ್ತಿರ್ಲಿಲ್ಲ. ಆಫೀಸಿನೋರು ಒಬ್ರೂ ನಮ್ಮನೇ ಮೆಟ್ಲು ಹತ್ತಲಿಲ್ಲ ಆಮೇಲೆ. ಇವರಿಗೆ ರಾತ್ರಿ ನಿದ್ದೆ ಇಲ್ಲ. ತಪ್ಪು ಮಾಡದೆ ಇದ್ರೆ ಮನುಷ್ಯ ಹಂಗ್ಯಾಕಿರ್ತಾನೆ? ಇವರ ಜೊತೆ ಸಂಸಾರ ಮಾಡ್ಕೊಂಡೇ ಇವರ ಮೇಲೆ ಅನುಮಾನ ಪಟ್ಕೊಂಡು ಬಂದೆ ಅಕ್ಕಾ. ತಟ್ಟೆಗೆ ಅನ್ನ ಹಾಕೋವಾಗ್ಲೂ ಅದೇ ಯೋಚ್ನೆ."

"ಸುಮ್ನಿರಿ. ಈಗ ಅದೆಲ್ಲ ಯಾಕೆ."

"ದೇವರ ಮೇಲೆ ಅಷ್ಟು ಭಕ್ತಿ ಇದ್ದೋರು, ಶನಿವಾರ ಭಜನೆ ಮಾಡ್ತಿದ್ದೋರು, ಎಲ್ಲಾ ಬಿಟ್ಬಿಟ್ರು. ಇನ್ಮೇಲೆ ನಮ್ಮನೇಲಿ ಪೂಜೆ ಬೇಡ, ಯಾರಿಗೂ ಪ್ರಸಾದ ಕೊಡಕ್ಕೆ ಹೋಗ್ಬೇಡ ಅಂದ್ರು. ನನಗೆ ಎಷ್ಟು ಅವಮಾನ ಆಯ್ತು ಗೊತ್ತಾ? ಆ ಕಡೇ ಭಜನೆಗೆ ನಾನೇ ಸಜ್ಜಿಗೆ ಮಾಡಿದ್ದೆ."

"ಯಾವ ಕಡೇ ಭಜನೆ?"

"ಅದೇ, ನಿಮ್ಮೋರನ್ನ ಕರ್ಕೊಂಡು ಹೋದ್ರಲ್ಲ, ಅದರ ಹಿಂದಿನ ಶನಿವಾರ. ವಾರ ವಾರ ಭಜನೆ ಆಗತ್ತೆ, ವಠಾರದಲ್ಲಿ ಒಬ್ರಿಗೂ ಒಂದು ಚೂರು ಪ್ರಸಾದ ಹೋಗಲ್ಲ. ಜನ ಏನಂದ್ಕೋತಾರೆ? ಕಾರ್ಡಿನ ಸಕ್ಕರೇನ ಕಾಫಿಗೂ ಹಾಕ್ದೆ ಕೂಡಿಟ್ಟಿದ್ದೆ. ಇವರಿಗೆ ಹೇಳ್ದೇನೇ ಮನೆಮನೆಗೂ ಹೋಗಿ ಮಂಗಳಾರತಿಗೆ ಬನ್ನಿ ಅಂತ ಕರೆದೆ. ಮಾರಕ್ಕನ್ನ ಕರೆದೆ. ಮುಂದಿನ ಮನೆ ಹನುಮಕ್ಕನ್ನ ಕರೆದೆ. ಹನುಮಕ್ಕಂಗೆ ಮೈ ಸರಿ ಇರ್ಲಿಲ್ಲ, ಪಾಪ, ಅವರ ಯಜಮಾನ್ರು ಬಂದ್ರು."

"ಹನುಮಕ್ಕ ಅಂದ್ರೆ?"

"ಈಗಿಲ್ಲ. ಮೈಸೂರಿಗೆ ವರ್ಗ ಆಯ್ತು ಅವರಿಗೆ. ಮುನಿರಾಮಪ್ಪ ಅಂತ, ಪೊಲೀಸಿನಲ್ಲಿ ಮಫ್ತಿ ಕೆಲಸ. ಒಳ್ಳೇ ಮನುಷ್ಯ. ವಠಾರದೋರಿಗೆಲ್ಲ ಮುಂಚೆನೇ, ಭಜನೆ ನಡೀತಿರುವಾಗ್ಲೇ ಬಂದು ಜಗುಲಿ ಮೇಲೆ ಕೂತಿದ್ರು. ಒಳಗೆ ಬನ್ನಿ ಅಂದೆ. ಬೇಡಮ್ಮ, ಇಲ್ಲೇ ಚೆನ್ನಾಗಿ ಕೇಳ್ಸತ್ತೆ ಅಂದ್ರು. ಮಂಗಳಾರತಿವರ್ಗೂ ಕತ್ತಲಲ್ಲೇ ಕೂತಿದ್ದು, ಅಲ್ಲೇ ಪ್ರಸಾದ ಕಣ್ಣಿಗೊತ್ಕೊಂಡು ತಿಂದು ಹೋದ್ರು."

ಶಕುಂತಲಮ್ಮ ಬಾಗಿಲ ಕಡೆ ನೋಡಿದಳು. ನಡುಕೋಣೆಗೂ ಜಗುಲಿಗೂ ನಡುವೆ ಒಂದು ಮರದ ಬಾಗಿಲು, ಪಕ್ಕದಲ್ಲಿ ಗಾಜಿಲ್ಲದ ಕಿಟಕಿ. ಒಳಗೆ ದೀಪ ಇದ್ದು ಹೊರಗೆ ಕತ್ತಲಿದ್ದರೆ ಒಳಗೆ ಕೂತವರಿಗೆ ಜಗುಲಿ ಕಾಣಿಸುವುದಿಲ್ಲ. ಚಪ್ಪಲಿ ಸದ್ದಾದಾಗ ಎರಡು ಸಾಲು ಹಾಡಿರುತ್ತಾರೆ. ಆಮೇಲೆ ಸದ್ದು ನಿಂತಿರುತ್ತದೆ, ಬಂದವರು ಹೋದರು ಎಂದುಕೊಂಡಿರುತ್ತಾರೆ.

"ಆಮೇಲೆ ಇವರಿಗೆ ಗೊತ್ತಾಯ್ತಾ, ನೀವು ಕರೆದಿದ್ದು?" ಬಾಗಿಲಿನಿಂದ ಕಣ್ಣು ತೆಗೆಯದೆ ಕೇಳಿದಳು.

"ನಿಮ್ಮೋರನ್ನ ಕರ್ಕೊಂಡು ಹೋದ ಸಾಯಂಕಾಲ ಕೇಳಿದ್ರು. ಶನಿವಾರ ಯಾರ್ಯಾರನ್ನ ಕರೆದಿದ್ದೆ ಅಂತ. ಹೇಳಿದೆ. ಅವತ್ತು ಊಟ ಮಾಡ್ಲಿಲ್ಲ. ನನ್ನ ಮುಖಾನೇ ನೋಡ್ತಾ ಕೂತಿದ್ರು. ಬೈತಾರೆ ಅಂದ್ಕೊಂಡೆ, ಬೈಲಿಲ್ಲ. ಎಷ್ಟು ಹೊತ್ತಾದ್ಮೇಲೆ, ಸಜ್ಜಿಗೆ ಚೆನ್ನಾಗಿತ್ತು ಕಣೆ ಅಂದ್ರು." ಪಾರ್ವತಮ್ಮ ಹೆಣದ ಕಡೆ ತಿರುಗಿದಳು. "ಅದೂ ಒಂದು ಮಾತಾ ಅಕ್ಕಾ, ಆ ಹೊತ್ತಿನಲ್ಲಿ?"

ಹೊರಗೆ ತಮಟೆಯವನು ಹುಲ್ಲುಬೆಂಕಿಗೆ ತಮಟೆ ಕಾಸಿ ಒಂದೆರಡು ಪೆಟ್ಟು ಹೊಡೆದು ನೋಡಿದ. ಪಾರ್ವತಮ್ಮ ಮೊಣಕೈಯನ್ನು ಇನ್ನೂ ಹಿಡಿದೇ ಇದ್ದಳು. ಆ ಕೈಯನ್ನು ಮೆಲ್ಲಗೆ ಬಿಡಿಸಿ, ಅದರ ಮೇಲೆ ತನ್ನ ಕೈಯನ್ನು ಒಂದು ಗಳಿಗೆ ಇಟ್ಟು, ಶಕುಂತಲಮ್ಮ ಎದ್ದಳು.

*

ಹೊಂಗೆಮರದ ಕೆಳಗಿಂದ ಗಂಡನನ್ನು ಪಕ್ಕಕ್ಕೆ ಕರೆದು, ಬೀದಿ ಗೋಡೆಗೆ ಮುಖ ಮಾಡಿ ನಿಂತು ಹೇಳಿದಳು. ಹೆಚ್ಚು ಮಾತು ಬೇಕಾಗಲಿಲ್ಲ.

ಮರಿಯಣ್ಣ ಮೊದಲು ನಂಬಲಿಲ್ಲ. "ಯಾರು ಹೇಳಿದ್ದು? ಅವಳೇ? ಗಂಡನ್ನ ಉಳ್ಸಕ್ಕೆ ಹೇಳಿರ್ತಾಳೆ."

"ಅವರಿಗೆ ತಾನು ಏನು ಹೇಳಿದೆ ಅಂತಾನೇ ಗೊತ್ತಿಲ್ಲ. ಅವತ್ತು ಭಜನೆ ನಡೀತು ಅಂತಾನೇ ಇವತ್ತಿಗೂ ತಿಳ್ಕೊಂಡಿದಾರೆ. ಗಂಡನ ಮೇಲೇ ಅನುಮಾನ ಪಡ್ತಾ ಕೂತಿದಾರೆ ಅಲ್ಲಿ."

"ಹೆಂಡ್ತಿಗೆ ಒಂದು ಮಾತು ಹೇಳಿದ್ರೆ ಕರೀತಿರ್ಲಿಲ್ಲ ಅವಳು. ಆ ಬುದ್ಧಿ ಬೇಡವಾ ಅವನಿಗೆ?"

ಶಕುಂತಲಮ್ಮ ಗಂಡನ ಮುಖವನ್ನೇ ನೋಡಿದಳು. "ಹೇಳಕೂಡದು ಅಂತ ಕಟ್ಟು ಮಾಡಿದ್ದು ಯಾರು?"

ಮರಿಯಣ್ಣ ಬಗ್ಗಿ ಚಪ್ಪಲಿಯ ಬಾರು ಸರಿಮಾಡುವವನಂತೆ ಬಹಳ ಹೊತ್ತು ಬಗ್ಗಿಕೊಂಡೇ ಇದ್ದ.

"ಒಂದು ಮಾತು ಹೇಳಬಹುದಿತ್ತು ನನಗೆ," ಎಂದ ಕೊನೆಗೆ. "ಎದುರುಗಡೆ ಸಿಕ್ಕಾಗ ತಲೆ ತಗ್ಗಿಸ್ಕೊಂಡು ಹೋಗ್ತಿದ್ದ. ನಾನು ಉಗಿದೆ ಒಂದ್ಸಲ. ನಿಂಗೆ ಹೇಳಿಲ್ಲ ಅದನ್ನ."

"ನಿಮಗೆ ಹೇಳಿದ್ರೆ ಎಲ್ಲರಿಗೂ ಹೇಳಿದ ಹಾಗೆ. ಪಾರ್ವತಮ್ಮ ಈ ವಠಾರದಲ್ಲಿ, ಈ ಬೀದೀಲಿ ಓಡಾಡ್ಬೇಕಲ್ಲ."

"ಈಗ ಏನ್ಮಾಡೋದು? ಇವರಿಗೆಲ್ಲ ಹೇಳಿದ್ರೆ ಅವನ ಹೆಸರು ಉಳಿಯತ್ತೆ."

"ಹೇಳಿದ್ರೆ ಸಾಯಂಕಾಲದೊಳಗೆ ಲಕ್ಷ್ಮೀದೇವಮ್ಮನ ಬಾಯಿಂದ ಅವರ ಕಿವಿಗೆ ಬೀಳತ್ತೆ. ತಾನೇ ಕರೆದು ಕೂರ್ಸಿ ಪ್ರಸಾದ ಕೊಟ್ಟೆ ಅಂತ ಗೊತ್ತಾದ್ರೆ ಅವರು ಹೇಗೆ ಬದುಕ್ತಾರೆ? ಇವರು ಇಷ್ಟು ದಿನ ಬಾಯಿ ಮುಚ್ಕೊಂಡಿದ್ದು ಯಾಕೆ ಮತ್ತೆ?"

ಮರಿಯಣ್ಣ ಚಪ್ಪಲಿ ಬಿಟ್ಟ. ಟವೆಲನ್ನು ಸಿಂಬಿ ಸುತ್ತುತ್ತ ಮರದ ಕೆಳಗೆ ಬಂದ.

"ನಡೀರಿ, ಯಾರಾದ್ರೂ ಒಬ್ರು ಬನ್ನಿ ನನ್ನ ಜೊತೆ."

"ಎಲ್ಲಿಗೆ?" ರಾಮಾನುಜ ಕನ್ನಡಕದ ಮೇಲಿಂದ ನೋಡಿದ. "ಹೆಗಲು ಕೊಡ್ತೀಯಾ? ನೀನು?"

"ಅವನಲ್ಲ ಕಣೋ."

"ಅವನಲ್ಲ ಅಂದ್ರೆ? ಮತ್ಯಾರು?"

"ನನಗೆ ಗೊತ್ತಾಗಿದೆ. ನಿಮಗೆ ಬೇಡ."

ನೆರಳಿನಲ್ಲಿ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಂಪು ಇದ್ದಕ್ಕಿದ್ದಂತೆ ಸ್ವಲ್ಪ ಅಗಲವಾಯಿತು.

"ಹಂಗಂದ್ರೆ ನಮ್ಮೊಳಗೇ ಒಬ್ಬ ಅಂತಾಯ್ತು," ಎಂದ ರಾಮಾನುಜ. ಕತ್ತು ಕೆಂಪಾಗಿತ್ತು. "ನನ್ನ ಮೇಲಾ ನಿನ್ನ ಅನುಮಾನ? ನಾನೇ ಅವನನ್ನ ನಿಲ್ಲಿಸಿ ಕೇಳಿದ್ದು, ನೆನಪಿರ್ಲಿ. ಹೇಳೋದಾದ್ರೆ ಬಿಚ್ಚಿ ಹೇಳು, ಇಲ್ಲದಿದ್ರೆ ಸುಮ್ನಿರು."

"ನೀನಲ್ಲ. ಇಲ್ಲಿ ಯಾರೂ ಅಲ್ಲ."

"ನಂಬೋದು ಹೇಗೆ?"

"ಅವನನ್ನ ಹೇಗೆ ನಂಬಲಿಲ್ವೋ ಹಾಗೇ ನನ್ನನ್ನೂ ನಂಬಬೇಡ," ಎಂದ ಮರಿಯಣ್ಣ. "ಬೆನ್ನು ನೋವು ಕಡಿಮೆ ಆಗಿದ್ರೆ ಬಾ."

ರಾಮಾನುಜ ಬರಲಿಲ್ಲ. ತೊಗಟೆ ಕೆತ್ತುತ್ತಿದ್ದ ಶೀನಣ್ಣ ಕೈ ಒರೆಸಿಕೊಂಡು ಮುಂದೆ ಬಂದ. "ನಾನು ಬರ್ಲಾ ಸಾರ್? ಉಳಿದೋರಿಗಿಂತ ನಾನು ಕುಳ್ಳ. ಒಂದು ಕಡೆ ತಗ್ಗತ್ತೆ."

"ತಗ್ಗಲಿ ಬಾ."

ಚಟ್ಟ ಮೇಲೆದ್ದಾಗ ಶೀನಣ್ಣನ ಕಡೆ ನಿಜವಾಗಿಯೂ ತಗ್ಗಿತು. ಮುಂಭಾಗದಲ್ಲಿ ಹೆಗಲು ಕೊಟ್ಟಿದ್ದ ಮರಿಯಣ್ಣ ತನ್ನ ಕಡೆಯೂ ಸರಿಹೋಗುವಂತೆ ಮೊಣಕಾಲು ಸ್ವಲ್ಪ ಬಗ್ಗಿಸಿ ನಡೆದ. ತಮಟೆ ಮುಂದೆ ಹೋಯಿತು. ಕಚೇರಿಯವರು ಒಬ್ಬೊಬ್ಬರಾಗಿ, ನಡುನಡುವೆ ಜಾಗ ಬಿಟ್ಟುಕೊಂಡು ಹಿಂದೆ ಹೊರಟರು. ರಾಮಾನುಜ ಎಲ್ಲರಿಗಿಂತ ಹಿಂದೆ. ಮಾತಿಗೆ ಮಾತು ಸೇರಿಸಿ ನಡೆಯುತ್ತಿದ್ದ ಜನ ಇವತ್ತು ಪರಸ್ಪರ ಬೆನ್ನನ್ನು ನೋಡಿಕೊಂಡು ಹೋಗುತ್ತಿದ್ದರು. ಇದನ್ನು ಸರಿಮಾಡುವ ಬಗೆ ಶಕುಂತಲಮ್ಮನಿಗೆ ಗೊತ್ತಿರಲಿಲ್ಲ. ಒಬ್ಬನ ಮೇಲಿದ್ದದ್ದು ಈಗ ಎಲ್ಲರ ಮೇಲೂ ಹಂಚಿಹೋಗಿತ್ತು.

ಬಾಗಿಲಲ್ಲಿ ಪಾರ್ವತಮ್ಮ ಎದೆಗೆ ಕೈಯಿಟ್ಟುಕೊಂಡು ನಿಂತಿದ್ದಳು. ಹೆಗಲು ಕೊಟ್ಟವರು ಯಾರೆಂದು ಅವಳು ನೋಡಿದಳು. ಚಟ್ಟ ಬೀದಿಯ ತಿರುವು ದಾಟುವವರೆಗೂ ನೋಡುತ್ತಲೇ ಇದ್ದಳು.

*

ಹೆಣ ಹೋದ ಮೇಲೆ ಹೆಂಗಸರು ನೀರು ಸುರಿದು ನೆಲ ತೊಳೆದರು. ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿದರು. ಲಕ್ಷ್ಮೀದೇವಮ್ಮ ಮನೆಯಲ್ಲೇ ತಲೆಗೆ ನೀರು ಹಾಕಿಕೊಳ್ಳುತ್ತೇನೆ ಎಂದು ಆಟೋ ಹತ್ತಿ ಹೋದಳು. ಒಬ್ಬೊಬ್ಬರಾಗಿ ಉಳಿದವರೂ ಹೋದರು.

ಶಕುಂತಲಮ್ಮ ಹೋಗಲಿಲ್ಲ. ನಲ್ಲಿಯ ಕೆಳಗೆ ಪಾರ್ವತಮ್ಮನನ್ನು ಕೂರಿಸಿ ತಲೆಗೆ ನೀರು ಹಾಕಿ, ತಾನೂ ಹಾಕಿಕೊಂಡು, ಮಾರಕ್ಕ ಕೊಟ್ಟ ಹಳೇ ಸೀರೆ ಉಟ್ಟಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಮಾರಕ್ಕನ ಒಲೆಯ ಮೇಲೆ ಅಕ್ಕಿ ಇಟ್ಟು, ಇನ್ನೊಂದರಲ್ಲಿ ಹೆಸರುಬೇಳೆ ಬೇಯಿಸಿದಳು.

"ಉಪ್ಪು ಕಡಿಮೆ ಹಾಕು," ಎಂದಳು ಮಾರಕ್ಕ. "ನಿನ್ನೆಯಿಂದ ಖಾಲಿ ಹೊಟ್ಟೆ ಅವಳದು." ಬೇಳೆಯ ಪಾತ್ರೆಯ ಮುಚ್ಚಳ ಸರಿಸಿ ಮತ್ತೆ ಹೇಳಿದಳು. "ಅವತ್ತು ಮಂಗಳಾರತಿಗೆ ನಾನೂ ಬಂದಿದ್ದೆ. ಜಗುಲಿ ಮೇಲೆ ಕೂತಿದ್ದೋನ್ನ ನಾನೂ ನೋಡ್ದೆ."

ಶಕುಂತಲಮ್ಮ ತಿರುಗಿ ನೋಡಿದಳು. ಮುದುಕಿ ಬೇಳೆಯ ಪಾತ್ರೆಯನ್ನೇ ನೋಡುತ್ತಿದ್ದಳು.

"ಯಾರಿಗೂ ಹೇಳ್ಲಿಲ್ಲ ನಾನು. ಆಂಜಿನಯ್ಯ ಕೈ ಮುಗಿದು ಕೇಳ್ಕೊಂಡಿದ್ದ. ಮಗುಚು, ತಳ ಹಿಡಿಯತ್ತೆ."

ಶಕುಂತಲಮ್ಮ ತಟ್ಟೆ ಹಿಡಿದು ಬಂದಾಗ ಪಾರ್ವತಮ್ಮ ದೀಪದ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಒದ್ದೆ ಕೂದಲಿನಿಂದ ನೀರು ಬೆನ್ನಿಗೆ ಇಳಿಯುತ್ತಿತ್ತು.

"ನಿಮ್ಮೆಜಮಾನ್ರು ಹೆಗಲು ಕೊಟ್ರಲ್ಲ ಅಕ್ಕಾ."

"ಹೂಂ."

"ಅಂದ್ರೆ ಇವರಲ್ಲ."

"ಅಲ್ಲ. ಇವರಲ್ಲ ಪಾರ್ವತಮ್ಮ. ನನ್ನಾಣೆಗೂ ಅಲ್ಲ."

ಪಾರ್ವತಮ್ಮನ ಮುಖ ಒಂದು ಸಲ ಸಡಿಲಾಗಿ ಮತ್ತೆ ಬಿಗಿಯಿತು. ಅಳು ಬರಲಿಲ್ಲ. ದೀಪವನ್ನು ನೋಡುತ್ತ ಏನನ್ನೋ ಒಂದೊಂದಾಗಿ ಹಿಂದಕ್ಕೆ ಎಣಿಸುವವಳಂತೆ ಕೂತಿದ್ದಳು.

"ನಮ್ಮನೇಲಿ ಅವರೆಲ್ಲ ಸೇರ್ತಿದ್ದಿದ್ದು ಭಜನೆಗೇ ತಾನೆ?"

"ಭಜನೆಗೇ," ಎಂದಳು ಶಕುಂತಲಮ್ಮ.

"ಮತ್ತೆ ಯಾರಕ್ಕಾ ಹೇಳಿದ್ದು? ಮನೇ ವಿಷಯ ಹೊರಗೆ ಹೋಗಿದ್ದು ಯಾರಿಂದ?"

ಶಕುಂತಲಮ್ಮ ಎದುರು ಕೂತು, ಬಿಸಿ ಅನ್ನವನ್ನು ತೊವ್ವೆಯೊಂದಿಗೆ ಗಟ್ಟಿ ಇಲ್ಲದಂತೆ ಕಲೆಸಿದಳು. ಬೆರಳು ಸುಟ್ಟಾಗ ಊದಿಕೊಂಡು ಮತ್ತೆ ಕಲೆಸಿದಳು. ತಟ್ಟೆಯನ್ನು ಪಾರ್ವತಮ್ಮನ ತೊಡೆಯ ಮೇಲಿಟ್ಟಳು. ಆ ಕೈ ಅನ್ನಕ್ಕೆ ಇಳಿದು ಮೊದಲ ತುತ್ತು ಎತ್ತುವವರೆಗೂ ತಟ್ಟೆಯ ಅಡಿಯಿಂದ ತನ್ನ ಕೈ ತೆಗೆಯಲಿಲ್ಲ.